ಓಟಕ್ಕೆ ಮುಂಚಿನ ಒಂದು ಲೋಟ ಕಾಫಿ

ನಂಜನಗೂಡು ಎಂದೊಡನೆ ಹಳಬರಿಗೆ ಮೂರು ಸಂಗತಿಗಳು ನೆನಪಾಗುತ್ತವೆ: ಶ್ರೀಕಂಠೇಶ್ವರ, ರಸಬಾಳೆ ಮತ್ತು ಹಲ್ಲುಪುಡಿ. 1989ರಲ್ಲಿ ಈ ಪಟ್ಟಿಗೆ ನಾಲ್ಕನೆಯದೊಂದು ಸೇರಿತು. ನೆಸ್ಲೆ ಸಂಸ್ಥೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಆ ವರ್ಷ ಅಲ್ಲಿ ಕೆಲಸ ಆರಂಭಿಸಿತು. ಫಿಲ್ಟರು ಬೇಡ, ಡಿಕಾಕ್ಷನ್ ಇಳಿಯುವವರೆಗೆ ಕಾಯುವುದೂ ಬೇಡ, ಬಿಸಿನೀರಿಗೆ ಹಾಕಿ ಕಲಕಿದರೆ ಮುಗಿಯಿತು. ಇಂಥ ಪುಡಿ ಈಗ ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಪುಟ್ಟ ಪುಟ್ಟ ಪೊಟ್ಟಣಗಳ ಮಾಲೆಯಾಗಿ ತೂಗುತ್ತಿರುತ್ತದೆ. ಅದರ ಪಕ್ಕದಲ್ಲೇ ‘ಶಕ್ತಿ ಪೇಯ’ ಎಂಬ ಹೆಸರು ಹೊತ್ತ ಬಣ್ಣಬಣ್ಣದ ಬಾಟಲಿಗಳೂ ಡಬ್ಬಿಗಳೂ ಕುಳಿತಿರುತ್ತವೆ. ಎರಡರಲ್ಲೂ ಕೆಲಸ ಮಾಡುವ ವಸ್ತು ಒಂದೇ, ಕೆಫೀನ್.

ಈಗ ಬೆಳಗಿನ ಜಾವದ ಕಡೆಗೆ ಬನ್ನಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಕತ್ತಲು ಹರಿಯುವ ಮೊದಲೇ ನಾಲೆಯ ಏರಿಯ ಮೇಲೋ ಶಾಲೆಯ ಮೈದಾನದಲ್ಲೋ ಓಡುವ ಮಕ್ಕಳಿದ್ದಾರೆ. ಕೆಲವರು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುವ ಆಸೆಯವರು. ಇನ್ನು ಕೆಲವರು 18 ದಾಟಿದವರು, ಪೊಲೀಸ್ ಅಥವಾ ಸೈನ್ಯದ ಆಯ್ಕೆಗೆ ಮೈ ಹುರಿ ಮಾಡಿಕೊಳ್ಳುತ್ತಿರುವವರು. ಮೊದಲಿನವರಿಗೆ ಒಂದು ಸೆಕೆಂಡು ಎಂದರೆ ಪದಕ, ಎರಡನೆಯವರಿಗೆ ಒಂದು ಸೆಕೆಂಡು ಎಂದರೆ ನೌಕರಿ. ಒಂದೆರಡು ಎಕರೆಯ ಮನೆಯಲ್ಲಿ ನೌಕರಿ ಎಂದರೆ ತಂಗಿಯ ಓದು, ಅಪ್ಪನ ಸಾಲ, ಸೋರುವ ಸೂರು ಎಲ್ಲವೂ ಸೇರಿಕೊಂಡಿರುತ್ತದೆ. ಹಾಗಾಗಿ ‘ಓಡುವುದಕ್ಕೆ ಮುಂಚೆ ಒಂದು ಲೋಟ ಗಟ್ಟಿ ಕಾಫಿ ಹೊಡಿ, ಕಾಲು ಹಾರುತ್ತೆ’ ಎಂಬ ಕಿವಿಮಾತು ಬಂದರೆ ಅದನ್ನು ಯಾರೂ ಹಗುರವಾಗಿ ತಳ್ಳಿಹಾಕುವುದಿಲ್ಲ.

ಹಿರಿಯರು ಏನು ಹೇಳುತ್ತಾರೆ? ‘ಕಾಫಿ ಕುಡಿದರೆ ಕಪ್ಪಗಾಗುತ್ತೀಯೆ’ ಎನ್ನುತ್ತಾರೆ. ಮಕ್ಕಳು ಆರನೆಯ ತರಗತಿಗೆ ಬರುವ ಹೊತ್ತಿಗೆ ಇದು ಸುಳ್ಳೆಂದು ತಿಳಿದುಬಿಡುತ್ತದೆ. ಅಂದಿನಿಂದ ಕಾಫಿಯ ವಿಷಯದಲ್ಲಿ ಹಿರಿಯರು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. ಆದ್ದರಿಂದ ನಿಜವನ್ನೇ ಹೇಳುವುದು ಮೇಲು. ಕೆಫೀನ್ ಓಟಕ್ಕೆ ಸಹಾಯ ಮಾಡುವುದು ನಿಜ. ಎಷ್ಟು, ಹೇಗೆ, ಯಾರಿಗೆ, ಯಾವ ಬೆಲೆಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದ ಮೇಲೆ ಲೋಟ ಎತ್ತಬೇಕೋ ಇಳಿಸಬೇಕೋ ಎಂದು ಅವರವರೇ ನಿರ್ಧರಿಸಬಹುದು.

ಟವೆಲ್ ಹಾಕಿದ ಸೀಟು

ಹೇಗೆ ಎಂಬುದನ್ನು ಮೊದಲು ನೋಡೋಣ. ಜೀವಕೋಶಗಳ ಶಕ್ತಿಯ ನಾಣ್ಯ ಎಟಿಪಿ ಎಂಬ ಅಣು. ಹೈಸ್ಕೂಲಿನವರು ಇದನ್ನು ಓದಿರುತ್ತಾರೆ. ಈ ನಾಣ್ಯ ಖರ್ಚಾದಂತೆಲ್ಲ ಅಡಿನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಕೂಡುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಮೀಸಲಾದ ಪೀಠಗಳಿವೆ. ಅಡಿನೊಸಿನ್ ಬಂದು ಅಲ್ಲಿ ಕುಳಿತರೆ ‘ದಣಿವಾಯಿತು, ನಿಧಾನಿಸು, ಮಲಗು’ ಎಂಬ ಸಂದೇಶ ಹೊರಡುತ್ತದೆ. ಹಗಲೆಲ್ಲ ಎಚ್ಚರವಿದ್ದವನಿಗೆ ರಾತ್ರಿ ಕಣ್ಣು ಎಳೆಯುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಕೆಫೀನ್ ಅಣುವಿನ ಆಕಾರ ಅಡಿನೊಸಿನ್ನನ್ನು ಬಹಳಷ್ಟು ಹೋಲುತ್ತದೆ. ಅದು ಮೊದಲೇ ಹೋಗಿ ಆ ಪೀಠದ ಮೇಲೆ ಕುಳಿತುಬಿಡುತ್ತದೆ. ಆದರೆ ಯಾವ ಸಂದೇಶವನ್ನೂ ಕಳಿಸುವುದಿಲ್ಲ. ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಸಂತೆಯ ದಿನ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಎಲ್ಲರೂ ಕಂಡಿದ್ದಾರೆ. ಕೆಫೀನ್ ಆ ಟವೆಲ್ಲು. ಸೀಟು ಭರ್ತಿಯಾದಂತೆ ಕಾಣುತ್ತದೆ, ಕುಳಿತವರು ಮಾತ್ರ ಯಾರೂ ಇಲ್ಲ. ಆದರೆ ಹತ್ತಿದ ಪ್ರಯಾಣಿಕರು ಇಳಿದು ಹೋಗಿಲ್ಲ ಎಂಬುದನ್ನು ಮರೆಯಬಾರದು. ಅವರು ಬಾಗಿಲಿನವರೆಗೂ ಒತ್ತಿಕೊಂಡು ನಿಂತಿದ್ದಾರೆ. ಕೆಲವು ಗಂಟೆಗಳಲ್ಲಿ ಯಕೃತ್ತು ಕೆಫೀನನ್ನು ಒಡೆದು ಹೊರಹಾಕುತ್ತದೆ. ಟವೆಲ್ ಎತ್ತಿದೊಡನೆ ನಿಂತವರೆಲ್ಲ ಒಟ್ಟಿಗೆ ಕುಳಿತುಬಿಡುತ್ತಾರೆ. ಕಾಫಿಯ ಅಮಲು ಇಳಿದಾಗ ಬರುವ ಆ ದೊಡ್ಡ ಸುಸ್ತು ಇದೇ.

ಇಲ್ಲಿ ರೈತರ ಮನೆಯವರಿಗೆ ಬೇಗ ಅರ್ಥವಾಗುವ ಒಂದು ಮಾತಿದೆ. ಕೆಫೀನಿನಲ್ಲಿ ಸ್ನಾಯುವಿಗೆ ಬೇಕಾದ ಇಂಧನ ಇಲ್ಲ. ಅದು ಎತ್ತಿಗೆ ಚಾಟಿಯೇ ಹೊರತು ಮೇವಲ್ಲ. ಮೇವು ತಿಂದ ಎತ್ತು ಚಾಟಿಯ ಸದ್ದಿಗೆ ಎರಡು ಹೆಜ್ಜೆ ಮುಂದೆ ಹಾಕೀತು. ಹಸಿದ ಎತ್ತಿಗೆ ಚಾಟಿ ಬೀಸಿದರೆ ಅದು ನೊಗದಲ್ಲೇ ಕುಸಿಯುತ್ತದೆ.

ಎಷ್ಟು ಸಹಾಯ?

ಕೆಫೀನನ್ನು ಕಾಫಿ ಬೀಜದಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ, 1819ರಲ್ಲಿ. ಅವನಿಗೆ ಕಾಫಿ ಬೀಜ ಕೊಟ್ಟು ಪರೀಕ್ಷಿಸಿ ನೋಡೆಂದವನು ಮಹಾಕವಿ ಗಯಟೆ. ಅದು ದಣಿವಿನ ಮೇಲೆ ಏನು ಮಾಡುತ್ತದೆಂದು ಎಚ್ಚರದಿಂದ ಅಳೆದವರಲ್ಲಿ ಮೊದಲಿಗರು ಇಂಗ್ಲೆಂಡಿನ ರಿವರ್ಸ್ ಮತ್ತು ವೆಬರ್. ಈ ರಿವರ್ಸ್ ಕನ್ನಡ ನಾಡಿನ ನೆರೆಗೆ ಬಂದುಹೋದವನು. ನಂಜನಗೂಡಿನಿಂದ ಗುಂಡ್ಲುಪೇಟೆ ದಾಟಿ ಮೇಲೆ ಹತ್ತಿದರೆ ಸಿಗುವ ನೀಲಗಿರಿಯಲ್ಲಿ 1901-02ರಲ್ಲಿ ತೋಡ ಜನರ ನಡುವೆ ಇದ್ದು, ಅವರ ಬಗ್ಗೆ 1906ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಮರುವರ್ಷ, 1907ರಲ್ಲಿ, ಕೆಫೀನ್ ಸ್ನಾಯುಗಳ ದುಡಿಯುವ ಸಾಮರ್ಥ್ಯವನ್ನು ಹೆಚ್ಚಿಸುತ್ತದೆಂದು ತೋರಿಸುವ ಪ್ರಬಂಧ ಹೊರಬಂತು. ಬೆರಳಿನಿಂದ ಭಾರ ಎಳೆಯುವ ಸರಳ ಯಂತ್ರದಲ್ಲಿ ನಡೆದ ಪ್ರಯೋಗ ಅದು. ಕುಡಿಯುವವನಿಗೆ ತಾನು ಕುಡಿದದ್ದು ಕೆಫೀನೋ ಬರೀ ನೀರೋ ಎಂದು ರುಚಿಯಲ್ಲಿ ಗೊತ್ತಾಗದಂತೆ ರಿವರ್ಸ್ ಮರೆಮಾಚಿದ್ದ. ಮನಸ್ಸಿನ ನಂಬಿಕೆ ಮೈಯನ್ನು ಮೋಸ ಮಾಡೀತು ಎಂಬ ಎಚ್ಚರ ಅವನಿಗಿತ್ತು.

ಆಟಗಾರರ ಮೇಲಿನ ಹೆಸರುವಾಸಿಯಾದ ಪ್ರಯೋಗ 1978ರದು. ಅಮೆರಿಕದ ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು ಒಂಬತ್ತು ಮಂದಿ ಸೈಕಲ್ ಪಟುಗಳನ್ನು ಸುಸ್ತಾಗಿ ಬಿಡುವವರೆಗೆ ತುಳಿಯಲು ಹೇಳಿದರು. ಕೆಫೀನಿಲ್ಲದ ಕಾಫಿ ಕುಡಿದ ದಿನ ಅವರು ಸರಾಸರಿ 75 ನಿಮಿಷ ತುಳಿದರು. 330 ಮಿಲಿಗ್ರಾಂ ಕೆಫೀನ್ ಇದ್ದ ಕಾಫಿಯನ್ನು ಒಂದು ಗಂಟೆ ಮುಂಚೆ ಕುಡಿದ ದಿನ ಸುಮಾರು 90 ನಿಮಿಷ. ದೇಹ ಕೊಬ್ಬನ್ನು ಹೆಚ್ಚು ಉರಿಸಿದ್ದೇ ಕಾರಣವೆಂದು ಅಂದು ಊಹಿಸಿದರು. ನಂತರದ ಸಂಶೋಧನೆ ಆ ಊಹೆಯನ್ನು ಬದಿಗಿಟ್ಟು, ದಣಿವಿನ ಗಂಟೆಯೇ ಕೇಳದಂತಾಗುವ ಅಡಿನೊಸಿನ್ ವಿವರಣೆಯನ್ನು ಮುಂದೆ ತಂದಿತು.

‘ಸುಸ್ತಾಗುವವರೆಗೆ’ ತುಳಿಯುವುದು ಬೇರೆ, ಗೊತ್ತಾದ ದೂರವನ್ನು ಬೇಗ ಮುಗಿಸುವುದು ಬೇರೆ. ಗುರಿ ಗೆರೆ ಇರುವ ಸ್ಪರ್ಧೆಗಳಲ್ಲಿ ಕೆಫೀನಿನಿಂದ ಸಿಗುವ ಲಾಭ ಸುಮಾರು ಶೇಕಡ 2ರಿಂದ 4. ಅದೂ ದೂರದ ಓಟ, ಸೈಕಲ್, ಈಜುಗಳಂಥ ದಮ್ಮಿನ ಆಟಗಳಲ್ಲಿ ಹೆಚ್ಚು ಖಚಿತ. 100 ಮೀಟರಿನಂಥ ಚುಟುಕು ಓಟದಲ್ಲಿ ಅಷ್ಟು ಖಚಿತವಲ್ಲ. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಕೈನಡುಕ ತಂದು ಕೆಡಿಸುವುದೂ ಉಂಟು.

ಈ ಲಾಭವನ್ನು ಲೆಕ್ಕಕ್ಕೆ ಇಳಿಸಿ ನೋಡಿ. ಪೊಲೀಸ್ ಆಯ್ಕೆಗೆ ಓಡುವ ಹುಡುಗ 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಅಂದರೆ 390 ಸೆಕೆಂಡಿನಲ್ಲಿ ಮುಗಿಸುವವನಿದ್ದಾನೆ ಎನ್ನಿ. ಅದರ ಶೇಕಡ 2 ಎಂದರೆ ಸುಮಾರು 8 ಸೆಕೆಂಡು. ಕಡೆಗಣಿಸುವಂಥದ್ದಲ್ಲ. ಆದರೆ ಏಳೂವರೆ ನಿಮಿಷ ತೆಗೆದುಕೊಳ್ಳುತ್ತಿರುವವನನ್ನು ಯಾವ ಕಾಫಿಯೂ ಆರೂವರೆಗೆ ಇಳಿಸುವುದಿಲ್ಲ. ಅವನಿಗೆ ಬೇಕಾದ್ದು ಮೂರು ತಿಂಗಳ ಕ್ರಮದ ಅಭ್ಯಾಸ. ಹೊಸದಾಗಿ ಓಡಲು ಆರಂಭಿಸಿದವನಿಗೆ ಅಭ್ಯಾಸ ಕೊಡುವ ಲಾಭದ ಮುಂದೆ ಕಾಫಿ ಕೊಡುವುದು ಚಿಲ್ಲರೆ. ಕೆಫೀನ್ ಉಪಯೋಗಕ್ಕೆ ಬರುವುದು ಅಭ್ಯಾಸದಿಂದ ಪಡೆಯಬಹುದಾದುದನ್ನೆಲ್ಲ ಪಡೆದು ಮುಗಿಸಿ, ಕೊನೆಯ ಕೂದಲೆಳೆಗಾಗಿ ಹೋರಾಡುವವನಿಗೆ.

ಇನ್ನೊಂದು ಸ್ವಾರಸ್ಯವಿದೆ. 2006ರಲ್ಲಿ ಪ್ರಕಟವಾದ ಬೀಡಿ ಎಂಬ ವಿಜ್ಞಾನಿಯ ತಂಡದ ಪ್ರಯೋಗದಲ್ಲಿ ಸೈಕಲ್ ಪಟುಗಳಿಗೆ ಒಂದು ದಿನ ‘ಕೆಫೀನ್ ಇಲ್ಲ’, ಒಂದು ದಿನ ‘ಸ್ವಲ್ಪ ಇದೆ’, ಮತ್ತೊಂದು ದಿನ ‘ಬಹಳ ಇದೆ’ ಎಂದು ಹೇಳಿ ಮಾತ್ರೆ ಕೊಟ್ಟರು. ಇಲ್ಲವೆಂದು ನಂಬಿದ ದಿನ ಅವರ ಶಕ್ತಿ ತುಸು ಇಳಿಯಿತು. ಸ್ವಲ್ಪ ಇದೆಯೆಂದು ನಂಬಿದ ದಿನ ಶೇಕಡ 1.3, ಬಹಳ ಇದೆಯೆಂದು ನಂಬಿದ ದಿನ ಶೇಕಡ 3.1 ಏರಿತು. ನಿಜಕ್ಕೂ ಮೂರು ದಿನವೂ ಕೊಟ್ಟ ಮಾತ್ರೆಯಲ್ಲಿ ಕೆಫೀನ್ ಒಂದಿಷ್ಟೂ ಇರಲಿಲ್ಲ! ರಿವರ್ಸ್ ರುಚಿ ಮರೆಮಾಚಿದ್ದು ಯಾಕೆಂದು ಈಗ ತಿಳಿಯಿತಲ್ಲ? ಓಡುವ ಮಗುವಿನ ಬೆನ್ನು ತಟ್ಟಿ ‘ನಿನ್ನ ಕೈಲಾಗುತ್ತೆ’ ಎಂದು ಹೇಳುವ ಅಪ್ಪ ಅಮ್ಮ, ತಮಗೇ ತಿಳಿಯದಂತೆ, ಒಂದು ಲೋಟ ಕಾಫಿಯ ಕೆಲಸವನ್ನು ಮಾಡುತ್ತಿರಬಹುದು.

ಒಲಿಂಪಿಕ್ಸಿನಲ್ಲಿ ಕಾಫಿಯ ಗೆರೆ

ಕೆಫೀನ್ ನಿಷೇಧಿತ ಮದ್ದಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಕಾಲದಲ್ಲಿ ಹೌದು. 1980ರ ದಶಕದ ನಡುವಿನಿಂದ ಒಲಿಂಪಿಕ್ ಸಮಿತಿ ಅದಕ್ಕೊಂದು ಗೆರೆ ಎಳೆದಿತ್ತು: ಮೂತ್ರದ ಒಂದು ಮಿಲಿಲೀಟರಿನಲ್ಲಿ 12 ಮೈಕ್ರೊಗ್ರಾಂ. ಆಸ್ಟ್ರೇಲಿಯದ ಅಲೆಕ್ಸ್ ವಾಟ್ಸನ್ 1988ರ ಸೋಲ್ ಒಲಿಂಪಿಕ್ಸಿನ ಪೆಂಟಾಥ್ಲಾನ್ ಸ್ಪರ್ಧೆಯಲ್ಲಿ ಈ ಗೆರೆ ದಾಟಿದ್ದಕ್ಕಾಗಿ ಹೊರಬಿದ್ದ. ತಾನು ಕುಡಿದದ್ದು ಕಾಫಿ ಮಾತ್ರ ಎಂಬುದು ಅವನ ವಾದವಾಗಿತ್ತು. 1992ರ ಬಾರ್ಸಿಲೋನಾಕ್ಕೆ ಅವನು ಮತ್ತೆ ಬಂದ. ಮನೆಮನೆಯಲ್ಲಿ ಕುಡಿಯುವ ಪಾನೀಯಕ್ಕೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯಿತು. 2004ರ ಜನವರಿ 1ರಿಂದ ಕೆಫೀನನ್ನು ನಿಷೇಧದ ಪಟ್ಟಿಯಿಂದ ತೆಗೆಯಲಾಯಿತು. ಆಟಗಾರರು ಎಷ್ಟು ಬಳಸುತ್ತಾರೆಂದು ನಿಗಾ ಇಡುವುದು ಮಾತ್ರ ಮುಂದುವರಿಯಿತು.

ನಿಷೇಧ ಇಲ್ಲ ಎಂದರೆ ನಿರಪಾಯ ಎಂದಲ್ಲ. ಅದು ಮಕ್ಕಳಿಗಾಗಿ ಬರೆದ ನಿಯಮವೂ ಅಲ್ಲ.

ನಂಜು ಮತ್ತು ಪ್ರಮಾಣ

ನಂಜನ್ನು ಉಂಡವನು ನಂಜುಂಡ, ಅವನ ಊರು ನಂಜನಗೂಡು. ರೋಗ ವಾಸಿ ಮಾಡುವ ದೇವರೆಂದು ಟಿಪ್ಪು ಸುಲ್ತಾನ ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯೂ ಉಂಟು. ನಂಜು ಮತ್ತು ವೈದ್ಯ ಒಂದೇ ಹೆಸರಿನಲ್ಲಿ ಕೂಡಿರುವುದು ರಸಾಯನಶಾಸ್ತ್ರಕ್ಕೂ ಒಪ್ಪುವ ಮಾತು. ಯಾವುದು ಮದ್ದು, ಯಾವುದು ವಿಷ ಎಂದು ತೀರ್ಮಾನಿಸುವುದು ಪ್ರಮಾಣ. ಕಾಫಿ ಗಿಡ ಕೆಫೀನನ್ನು ತಯಾರಿಸುವುದು ಮನುಷ್ಯನ ಓಟಕ್ಕಾಗಿಯಲ್ಲ. ಎಲೆ, ಬೀಜಗಳನ್ನು ತಿನ್ನಬರುವ ಹುಳುಗಳಿಗೆ ಅದು ನಂಜು. ಅದೇ ಗಿಡ ಹೂವಿನ ಮಕರಂದದಲ್ಲಿ ಮಾತ್ರ ಅದನ್ನು ಅತಿ ಸ್ವಲ್ಪ ಬೆರೆಸುತ್ತದೆ. ಅದನ್ನು ಹೀರಿದ ಜೇನ್ನೊಣಕ್ಕೆ ಆ ಹೂವಿನ ಪರಿಮಳ ಹೆಚ್ಚು ಕಾಲ ನೆನಪಿರುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಪ್ರಮಾಣದ ಪಾಠ ಗಿಡಕ್ಕೂ ಗೊತ್ತು.

ಮನುಷ್ಯನ ಪ್ರಮಾಣ ಎಷ್ಟು? ಆಟಗಾರರ ಮೇಲಿನ ಹೆಚ್ಚಿನ ಅಧ್ಯಯನಗಳಲ್ಲಿ ಫಲ ಕಂಡದ್ದು ದೇಹತೂಕದ ಕಿಲೋವೊಂದಕ್ಕೆ 3ರಿಂದ 6 ಮಿಲಿಗ್ರಾಂ ತೆಗೆದುಕೊಂಡಾಗ. ಕೆಲವರಲ್ಲಿ 2 ಮಿಲಿಗ್ರಾಂಗೂ ಫಲ ಕಂಡಿದೆ. 9ಕ್ಕೆ ಏರಿಸಿದರೆ ಲಾಭ ಹೆಚ್ಚದೆ ತೊಂದರೆ ಮಾತ್ರ ಹೆಚ್ಚುತ್ತದೆ. ನೆನಪಿರಲಿ, ಈ ಅಧ್ಯಯನಗಳೆಲ್ಲ ಬಹುಪಾಲು ಬೆಳೆದವರ ಮೇಲೆ ನಡೆದವು. ಇನ್ನೊಂದು ಕಡೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಬೆಳೆದವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಎಂದಿತು. ಮಕ್ಕಳಿಗೂ ಹದಿಹರೆಯದವರಿಗೂ ಅದು ಹೇಳಿದ್ದು ಇಡೀ ದಿನಕ್ಕೆ ಕಿಲೋವೊಂದಕ್ಕೆ 3 ಮಿಲಿಗ್ರಾಂ ಮಾತ್ರ.

ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಟಗಾರರ ಪ್ರಮಾಣ ಶುರುವಾಗುವ ಕಡೆ ಮಕ್ಕಳ ಮಿತಿ ಮುಗಿದೇ ಹೋಗುತ್ತದೆ. 45 ಕಿಲೋ ತೂಗುವ ಒಂಬತ್ತನೆಯ ತರಗತಿಯ ಹುಡುಗನಿಗೆ ದಿನದ ಮಿತಿ 135 ಮಿಲಿಗ್ರಾಂ. ಒಂದು ಲೋಟ ಇನ್‌ಸ್ಟಂಟ್ ಕಾಫಿಯಲ್ಲಿ ಸುಮಾರು 60 ಮಿಲಿಗ್ರಾಂ ಇರುತ್ತದೆ. ಶಕ್ತಿ ಪೇಯದಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತದ ಆಹಾರ ನಿಯಮ ಹೇಳುತ್ತದೆ. ಅಂದರೆ 250 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ 75. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ, ಮೈದಾನದ ಪಕ್ಕದ ಅಂಗಡಿಯಲ್ಲಿ ಒಂದು ಡಬ್ಬಿ, ಅಲ್ಲಿಗೆ 135 ಭರ್ತಿ. ಸಂಜೆಯ ಟೀಯನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಅದೇ ನಿಯಮದ ಪ್ರಕಾರ ‘ಮಕ್ಕಳಿಗೆ ಸಲ್ಲದು’ ಎಂಬ ಎಚ್ಚರಿಕೆ ಆ ಡಬ್ಬಿಯ ಮೇಲೆ ಇರಲೇಬೇಕು. ಸಣ್ಣ ಅಕ್ಷರದ ಆ ಸಾಲನ್ನು ಮಕ್ಕಳಿಂದಲೇ ಓದಿಸಿ ನೋಡಿ.

ಫಿಲ್ಟರ್ ಕಾಫಿಯ ಲೆಕ್ಕ ಇನ್ನೂ ಗೊಂದಲದ್ದು. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ. ಬೆರೆಸುವ ಚಿಕೋರಿಯಲ್ಲಿ ಏನೂ ಇಲ್ಲ. ಡಿಕಾಕ್ಷನ್ ಗಟ್ಟಿಯೋ ನೀರೋ ಎಂಬುದರ ಮೇಲೂ ಅದು ಬದಲಾಗುತ್ತದೆ. ‘ಒಂದು ಲೋಟ’ ಎಂಬುದು ಅಳತೆಯೇ ಅಲ್ಲ.

ಮಿತಿ ಮೀರಿದರೆ ಏನಾಗುತ್ತದೆ? ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತೊಳಸುತ್ತದೆ, ಕಾರಣವಿಲ್ಲದೆ ಗಾಬರಿಯಾಗುತ್ತದೆ. ಓಟದ ಗೆರೆಯ ಮೇಲೆ ನಿಂತ ಮಗುವಿಗೆ ಇವುಗಳಲ್ಲಿ ಅರ್ಧ ಮೊದಲೇ ಇರುತ್ತವೆ! ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ‘ನಿಲ್ಲು’ ಎಂದು ದೇಹ ಬಾರಿಸುವ ಗಂಟೆ ಕೇಳಿಸದಿರುವುದು ಅಪಾಯವೇ. ಇನ್ನು ಶುದ್ಧ ಕೆಫೀನ್ ಪುಡಿ ಎಂಬುದಂತೂ ಮನೆಯೊಳಗೆ ಕಾಲಿಡಬಾರದು. ಅದರ ಒಂದು ಟೀ ಚಮಚ ಸುಮಾರು 28 ಲೋಟ ಕಾಫಿಗೆ ಸಮ ಎಂದು ಅಮೆರಿಕದ ಆಹಾರ ಇಲಾಖೆ ಎಚ್ಚರಿಸಿದೆ. ಅದರಿಂದ ಜೀವಗಳೇ ಹೋಗಿವೆ.

ಕಣ್ಣಿಗೆ ಕಾಣದ ನದಿ

ನಂಜನಗೂಡನ್ನು ಬಿಟ್ಟ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. 1989ರಿಂದ ಕುಂಭಮೇಳ ನಡೆಯುತ್ತಾ ಬಂದಿರುವ ಸಂಗಮ ಅದು. ಕಣ್ಣಿಗೆ ಕಾಣುವ ನದಿಗಳು ಎರಡೇ. ಆದರೂ ಅದು ತ್ರಿವೇಣಿ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿ ಬಂದು ಸೇರುತ್ತದೆಂದು ನಂಬಿಕೆ. ಆಟಗಾರನ ಸಾಮರ್ಥ್ಯವೂ ಹೀಗೆಯೇ. ಅಭ್ಯಾಸ ಮತ್ತು ಆಹಾರ ಎರಡೂ ಎಲ್ಲರಿಗೂ ಕಾಣುತ್ತವೆ. ಮೂರನೆಯದು ಕಾಣುವುದಿಲ್ಲ. ಅದು ನಿದ್ರೆ.

ಕೆಫೀನ್ ಕದಿಯುವುದು ಇದನ್ನೇ. ಹದಿನೈದನೆಯ ಶತಮಾನದಲ್ಲಿ ಯೆಮನ್ ದೇಶದ ಸೂಫಿಗಳು ಕಾಫಿ ಕುಡಿಯುತ್ತಿದ್ದುದೇ ರಾತ್ರಿಯ ಧ್ಯಾನದಲ್ಲಿ ಕಣ್ಣು ಮುಚ್ಚದಿರಲೆಂದು. ಬಾಬಾಬುಡನ್ ಆ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಕಥೆಯನ್ನು ಕನ್ನಡ ಮಕ್ಕಳೆಲ್ಲ ಕೇಳಿದ್ದಾರೆ. ನಿದ್ರೆ ಓಡಿಸುವುದು ಕಾಫಿಯ ಹುಟ್ಟುಗುಣ. ದೊಡ್ಡವರ ರಕ್ತದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು, ಏಕೆಂದರೆ ಯಕೃತ್ತಿನ ಚುರುಕು ಹುಟ್ಟಿನಿಂದ ಬರುವಂಥದು. ಸಂಜೆ 6ಕ್ಕೆ ಎರಡು ಲೋಟ ಕುಡಿದವನ ಮೈಯಲ್ಲಿ ರಾತ್ರಿ 11ಕ್ಕೆ ಇನ್ನೂ ಒಂದು ಲೋಟ ಉಳಿದಿರುತ್ತದೆ. ಮಲಗುವುದಕ್ಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತೆಗೆದುಕೊಂಡರೂ ಒಂದು ಗಂಟೆಗಿಂತ ಹೆಚ್ಚು ನಿದ್ರೆ ಹಾರಿಹೋಗುತ್ತದೆಂದು 2013ರ ಅಧ್ಯಯನವೊಂದು ತೋರಿಸಿತು.

ಹೋದ ನಿದ್ರೆಯ ಬೆಲೆ ಎಷ್ಟು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಕೆಲವು ವಾರಗಳ ಕಾಲ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಲಾಯಿತು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅವರ ವೇಗದ ಓಟದ ಅವಧಿ 16.2 ಸೆಕೆಂಡಿನಿಂದ 15.5ಕ್ಕೆ ಇಳಿದಿತ್ತು. ಶೇಕಡಾವಾರು ಲೆಕ್ಕ ಹಾಕಿದರೆ 4ಕ್ಕೂ ಮಿಗಿಲು, ಕೆಫೀನ್ ಕೊಡುವುದಕ್ಕೆ ಕಡಿಮೆಯಿಲ್ಲ. ಪರೀಕ್ಷೆಗೆ ಒಳಗಾದವರು 11 ಮಂದಿ, ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ ಎಂಬ ಕೊರತೆ ಆ ಪ್ರಯೋಗಕ್ಕಿದೆ. ಆದರೂ ದಿಕ್ಕು ಸ್ಪಷ್ಟ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಾಫಿ ಕುಡಿದು ರಾತ್ರಿಯೆಲ್ಲ ಓದುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಹಗಲು ಓದಿದ್ದು ಮಿದುಳಿನಲ್ಲಿ ಬೇರೂರುವುದು ನಿದ್ರೆಯಲ್ಲಿ.

ಹಾಗಾದರೆ ಮಾಡಬೇಕಾದ್ದೇನು? 18 ದಾಟಿ ದಿನವೂ ಕಾಫಿ ಕುಡಿಯುವ ರೂಢಿಯಿರುವವನು ಆಯ್ಕೆಯ ದಿನ ಒಂದು ಗಂಟೆ ಮುಂಚೆ ತನ್ನ ಎಂದಿನ ಲೋಟ ಕುಡಿದರೆ ತಪ್ಪೇನಿಲ್ಲ. ರೂಢಿಯಿಲ್ಲದವನು ಅಂದೇ ಹೊಸ ಪ್ರಯೋಗಕ್ಕೆ ಇಳಿಯಬಾರದು. ಎದೆಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಶಾಲೆಯ ಮಕ್ಕಳಿಗೆ ಮೈದಾನದಲ್ಲಿ ಬೇಕಾದ್ದು ನೀರು, ಎರಡು ಮೂರು ಗಂಟೆ ಮುಂಚೆ ಹೊಟ್ಟೆ ತುಂಬ ರಾಗಿಯದೋ ಅಕ್ಕಿಯದೋ ತಿಂಡಿ, ಬಿಡುವಿನಲ್ಲಿ ಒಂದು ಬಾಳೆಹಣ್ಣು. ರಸಬಾಳೆಯ ಸೀಮೆಯಲ್ಲಿ ಅದಕ್ಕೇನು ಬರ! ತಂದೆತಾಯಿಗಳು ‘ಕಪ್ಪಗಾಗುತ್ತೀಯೆ’ ಎಂದು ಹೆದರಿಸುವ ಬದಲು ಮಗುವನ್ನು ತೂಕಕ್ಕೆ ನಿಲ್ಲಿಸಿ ಮೂರರಿಂದ ಗುಣಿಸಲು ಹೇಳಲಿ. ತನ್ನ ಕೈಯಿಂದಲೇ ಮಾಡಿದ ಲೆಕ್ಕವನ್ನು ಮಕ್ಕಳು ಸುಲಭವಾಗಿ ಮರೆಯುವುದಿಲ್ಲ. ಆಮೇಲೆ, ಸ್ಪರ್ಧೆಯ ಹಿಂದಿನ ರಾತ್ರಿ ಟಿವಿ ಆರಿಸಿ, ಮೊಬೈಲು ತೆಗೆದಿಟ್ಟು, ದೀಪ ಆರಿಸಲಿ. ಅದಕ್ಕೆ ಕಾಸೂ ಖರ್ಚಿಲ್ಲ, ಅದನ್ನು ನಿಷೇಧಿಸುವ ಒಲಿಂಪಿಕ್ ಸಮಿತಿಯೂ ಇಲ್ಲ.